ಜಯಪತ್ರದ ಮರುದಿನ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಶಾಂತಿಯ ಕೆಲಸ ಯಾರದು?



ಆಳಂದದವನೊಬ್ಬ ಹೂಡಿದ ಜಗಳ ಕಲ್ಲಿನ ಮೇಲೆ ಉಳಿದಿದೆ. ಜಗಳ ನಡೆದದ್ದು ಇಲ್ಲಲ್ಲ, ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ. ಹೂಡಿದವನು ಮಾತ್ರ ನಮ್ಮವನು: ಏಕಾಂತದ ರಾಮಯ್ಯ, ಕುಂತಳ ನಾಡಿನ ಅಳಂದೆಯ ಪುರುಷೋತ್ತಮ ಭಟ್ಟನ ಮಗ. ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನ ಆತನ ಕತೆಯನ್ನು ವಿಸ್ತಾರವಾಗಿ ಹೇಳುತ್ತದೆ. ಜೈನರೊಡನೆ ಪಂಥ ಕಟ್ಟಿ ರಾಮಯ್ಯ ತಲೆ ಕಡಿದುಕೊಂಡ, ಏಳು ದಿನದ ಮೇಲೆ ಅದು ಮತ್ತೆ ಕೂಡಿತು. ಸೋತವರು ಮಾತಿಗೆ ತಪ್ಪಿದರೆಂದು ಜಿನಬಿಂಬ ಒಡೆದ. ಜೈನರು ಅರಸ ಬಿಜ್ಜಳನಿಗೆ ದೂರು ಒಯ್ದರು. ಬಿಜ್ಜಳ ವಿಚಾರಿಸಿ ರಾಮಯ್ಯನಿಗೆ ಜಯಪತ್ರ ಬರೆದುಕೊಟ್ಟ. ಪವಾಡ ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೆ ಬೇಕಾದದ್ದು ಕತೆಯ ಕೊನೆ. ಗೆದ್ದವನ ಕೈಗೆ ಪತ್ರ ಬಂದ ಕೂಡಲೇ ಜಗಳ ಮುಗಿಯಿತೆಂದು ಶಾಸನ ಭಾವಿಸುತ್ತದೆ. ಮರುದಿನ ಅಬ್ಬಲೂರಿನ ಶೈವರೂ ಜೈನರೂ ನೀರಿಗೆ ಬಂದು ಎದುರುಬದುರಾದಾಗ ಏನಾಯಿತು ಎಂಬುದರ ಗೊಡವೆ ಅದಕ್ಕಿಲ್ಲ.

ಆ ಮರುದಿನದ ಬಗ್ಗೆ ಇವತ್ತು ನನ್ನ ಮಾತು. ಅರಸನ ಕಾಲ ಹೋಗಿ ಸಂವಿಧಾನದ ಕಾಲ ಬಂದಿದೆ. ಎರಡೂ ಕಡೆಯ ವಾದ ಕೇಳುವ ನ್ಯಾಯಾಲಯವಿದೆ, ಮೇಲ್ಮನವಿಯಿದೆ, ಪೊಲೀಸರಿದ್ದಾರೆ. ಆದರೂ ಇವರೆಲ್ಲ ಕೊಡಬಲ್ಲದ್ದು ಹೆಚ್ಚೆಂದರೆ ಜಯಪತ್ರವೇ: ಇದು ನಿನ್ನ ಹಕ್ಕು, ಇದು ಅವನ ಹಕ್ಕು, ಮೀರಿದರೆ ಶಿಕ್ಷೆ. ಮಾರನೆಯ ದಿನ ಬಜಾರದಲ್ಲಿ ಮುಖ ನೋಡಿ ಮಾತಾಡುವಂತೆ ಮಾಡುವ ಅಧಿಕಾರ ಯಾವ ಪೀಠಕ್ಕೂ ಇಲ್ಲ. ಆ ಕೆಲಸ ಊರಿನವರದು. ಸರ್ಕಾರದವರೂ ಅಲ್ಲದ, ಪಕ್ಷದವರೂ ಅಲ್ಲದ, ಸಂಘ, ಮಠ, ದರ್ಗಾ, ಬಾರ್ ಅಸೋಸಿಯೇಷನ್, ಹಮಾಲರ ಸಂಘ, ಮಹಿಳಾ ಸಂಘ ಎಂದು ಕೂಡಿಕೊಂಡ ಊರಿನವರದು. ವಿದ್ವಾಂಸರು ನಾಗರಿಕ ಸಮಾಜ ಎನ್ನುವುದು ಇವರನ್ನೇ.

ಆಳಂದದಿಂದಲೇ ಶುರುಮಾಡೋಣ, ಬೇರೆಯವರ ಊರಿನ ಜಗಳದ ಬಗ್ಗೆ ಬುದ್ಧಿ ಹೇಳುವುದು ಸುಲಭ. ಲಾಡ್ಲೆ ಮಶಾಯಕ ದರ್ಗಾ 14ನೆಯ ಶತಮಾನದ ಸೂಫಿ ಶೇಖ ಅಲಾವುದ್ದೀನ್ ಅನ್ಸಾರಿಯವರದು. ಅದೇ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದೆ. ವಾರಕರಿಗಳು ತುಕಾರಾಮರ ಗುರುಪರಂಪರೆ ಎಣಿಸುವಾಗ ರಾಘವ ಚೈತನ್ಯ, ಕೇಶವ ಚೈತನ್ಯ, ಬಾಬಾಜಿ ಚೈತನ್ಯ ಎಂದು ಎಣಿಸುತ್ತಾರೆ. ಹಾಗಾಗಿ ಮಹಾರಾಷ್ಟ್ರದ ಭಕ್ತರಿಗೂ ಆಳಂದ ಪರಕೀಯವಲ್ಲ. ಲಿಂಗಕ್ಕೆ ಅಪಚಾರವಾಯಿತೆಂಬ ಆರೋಪ ಎದ್ದ ಮೇಲೆ 2022ರ ಮಾರ್ಚ್ 1ರ ಶಿವರಾತ್ರಿಯಂದು ಊರು ಎರಡಾಯಿತು. ನಿಷೇಧಾಜ್ಞೆ ಇತ್ತು, ಹೊರಗಿನಿಂದ ನಾಯಕರು ಬಂದಿದ್ದರು, ಕಲ್ಲು ತೂರಾಟವಾಯಿತು, ಅಧಿಕಾರಿಗಳ ವಾಹನಗಳೂ ಜಖಂಗೊಂಡವು, ಬಂಧನಗಳಾದವು. ಮುಂದಿನ ವರ್ಷ ವಿಷಯ ವಕ್ಫ್ ನ್ಯಾಯಮಂಡಳಿಗೂ ಹೈಕೋರ್ಟಿನ ಕಲಬುರಗಿ ಪೀಠಕ್ಕೂ ಹೋಯಿತು. ಬೆಳಗಿನ ಹೊತ್ತು ಒಬ್ಬರಿಗೆ, ಮಧ್ಯಾಹ್ನದ ಮೇಲೆ ಇನ್ನೊಬ್ಬರಿಗೆ, ಪೂಜೆಗೆ 15 ಮಂದಿ ಎಂದು ಗೊತ್ತಾಯಿತು. 2025ರ ಫೆಬ್ರವರಿ 26ರ ಶಿವರಾತ್ರಿಗೂ ಹೈಕೋರ್ಟು 15 ಮಂದಿಗೇ ಅನುಮತಿ ಕೊಟ್ಟಿತು.

ಈ ಆದೇಶಗಳನ್ನು ನಾನು ಹಗುರ ಮಾಡುತ್ತಿಲ್ಲ. ಅನಾಹುತವಾಗದಂತೆ ಕಾಯ್ದದ್ದು ಅವೇ. ಆದರೆ ಒಂದು ಮಾತು ನೋಡಿ. ಉರುಸು ಮತ್ತು ಪೂಜೆ ಎರಡೂ ಈಗ ಗಡಿಯಾರ ನೋಡಿ, ತಲೆ ಎಣಿಸಿ ನಡೆಯುತ್ತವೆ. ಆ ದಿನ ಬರುತ್ತಲೇ ಊರಿಗೆ ಬಂದೋಬಸ್ತು ಬರುತ್ತದೆ. ಅಂಗಡಿ ಬಾಗಿಲು ಹಾಕುತ್ತವೆ, ಟಂಟಂ ಓಡಿಸುವವನಿಗೆ ಬಾಡಿಗೆ ಇಲ್ಲ, ಕೂಲಿಯವನಿಗೆ ಕೂಲಿ ಇಲ್ಲ, ಬಳೆ ಮಾರುವವಳು ಗಂಟು ಬಿಚ್ಚುವುದಿಲ್ಲ. ಬಂದೋಬಸ್ತು ಹೋದ ಮೇಲೆ ಎಲ್ಲ ಮೊದಲಿನಂತೆ ಎಂದು ಹೇಳುತ್ತಾರೆ, ಮುಂದಿನ ವರ್ಷ ಮತ್ತೆ ಅರ್ಜಿ ಬೀಳುತ್ತದೆ. ವರ್ಷದ 364 ದಿನ ಯಾರೂ ಈ ವಿಷಯ ಎತ್ತದೆ, ಒಂದೇ ದಿನ ಎಲ್ಲರೂ ಎತ್ತುವುದಾದರೆ ಆ ಜಗಳ ಬಗೆಹರಿದಿಲ್ಲ ಎಂದೇ ಅರ್ಥ.

ಈಗ ಠಾಣೆಯ ಶಾಂತಿ ಸಭೆಗೆ ಬರೋಣ. ನೀವೆಲ್ಲ ನೋಡಿದ್ದೀರಿ, ಇಲ್ಲಿ ಕೂತವರಲ್ಲಿ ಕೆಲವರು ಅದರ ಕಾಯಂ ಸದಸ್ಯರು, ಬೇಸರ ಮಾಡಿಕೊಳ್ಳಬಾರದು. ಗಣೇಶ ಚತುರ್ಥಿಗೆ, ಬಕ್ರೀದಿಗೆ, ಜಯಂತಿಗಳಿಗೆ ಎರಡು ಮೂರು ದಿನ ಇರುವಾಗ ಠಾಣೆಯಿಂದ ಫೋನು ಬರುತ್ತದೆ. ಆವರಣದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಮುಂದಿನ ಸಾಲಿನಲ್ಲಿ ಮುಖಂಡರು, ಹಿಂದಿನ ಸಾಲಿನಲ್ಲಿ ಗಣೇಶ ಮಂಡಳಿಯ ಹುಡುಗರು, ಅವರ ಕಣ್ಣು ಮೊಬೈಲಿನಲ್ಲಿ. ಸಾಹೇಬರು ಡಿಜೆ ಬಗ್ಗೆ, ಮೆರವಣಿಗೆಯ ದಾರಿಯ ಬಗ್ಗೆ, ರಾತ್ರಿ ಹತ್ತರ ನಿಯಮದ ಬಗ್ಗೆ ಹೇಳುತ್ತಾರೆ. ಒಬ್ಬ ಹಿರಿಯರು ಎದ್ದು ‘ನಮ್ಮೂರಾಗ ಹಿಂದಿನಿಂದಲೂ ಅಣ್ಣ ತಮ್ಮರಂಗ ಇದ್ದೀವ್ರಿ ಸಾಹೇಬ್ರ’ ಎನ್ನುತ್ತಾರೆ. ಇನ್ನೊಂದು ಕಡೆಯ ಹಿರಿಯರು ಅದನ್ನೇ ಇನ್ನೊಮ್ಮೆ ಹೇಳುತ್ತಾರೆ. ಚಹಾ ಬರುತ್ತದೆ, ಫೋಟೊ ಆಗುತ್ತದೆ, ಮರುದಿನ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಯಾವ ಬೀದಿಯಲ್ಲಿ ಹೋದ ವರ್ಷ ಏನಾಯಿತು, ಯಾರ ಮನೆಯ ಹುಡುಗನ ಮೇಲೆ ಕೇಸು ಇನ್ನೂ ಇದೆ, ಯಾರ ಗಾಡಿ ಸುಟ್ಟಿತ್ತು, ಅವನಿಗೆ ಪರಿಹಾರ ಬಂತೋ ಇಲ್ಲವೋ, ಇವು ಯಾವುವೂ ಆ ಸಭೆಯ ವಿಷಯಗಳಲ್ಲ. ಅದು ಪೊಲೀಸರ ತಪ್ಪೂ ಅಲ್ಲ. ಅವರಿಗೆ ಬೇಕಾದದ್ದು ಆ ಒಂದು ದಿನ ಸುಸೂತ್ರವಾಗಿ ಕಳೆಯುವುದು. ಮುಚ್ಚಳಿಕೆ ಬರೆಸಿಕೊಳ್ಳುವುದು ಅವರ ಕೆಲಸ, ಮನಸ್ತಾಪ ಬಗೆಹರಿಸುವುದು ನಮ್ಮ ಕೆಲಸ. ನಮ್ಮ ಕೆಲಸವನ್ನೂ ಅವರಿಗೇ ಒಪ್ಪಿಸಿ ನಾವು ಚಹಾ ಕುಡಿದು ಬಂದಿದ್ದೇವೆ.

ಶಾಂತಿ ಸಭೆಯ ಮಿತಿ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ನಿದರ್ಶನವಿದೆ. 2025ರ ಅಕ್ಟೋಬರಿನಲ್ಲಿ ಚಿತ್ತಾಪುರದ ಆರೆಸ್ಸೆಸ್ ಪಥಸಂಚಲನದ ವಿಷಯ ಹೈಕೋರ್ಟಿಗೆ ಹೋದಾಗ, ಎಲ್ಲರೂ ಕೂತು ಮಾತಾಡಿ ಎಂದು ನ್ಯಾಯಾಲಯವೇ ಹೇಳಿತು. ಅಕ್ಟೋಬರ್ 28ರಂದು ಕಲಬುರಗಿಯಲ್ಲಿ ಶಾಂತಿ ಸಭೆ ಆಯಿತು, ಒಮ್ಮತ ಆಗಲಿಲ್ಲ. ಕೊನೆಗೆ ನವೆಂಬರ್ 16ರಂದು ಷರತ್ತುಗಳ ಮೇಲೆ ಪಥಸಂಚಲನ ನಡೆಯಿತು. ಯಾರು ಸರಿ ಯಾರು ತಪ್ಪು ಎಂಬ ಚರ್ಚೆ ಇಲ್ಲಿ ಬೇಡ. ನ್ಯಾಯಾಲಯ ‘ಕೂತು ಮಾತಾಡಿ’ ಎಂದಾಗ ಎರಡೂ ಕಡೆಯವರು ನಂಬುವ, ನಡುವೆ ಕೂರುವ ಜನ ಬೇಕಾಗುತ್ತಾರೆ. ಅಂಥವರನ್ನು ಜಗಳ ಶುರುವಾದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಅಂಥವರು ಯಾಕೆ ಸಿಗುವುದಿಲ್ಲ ಎಂದು ಹುಡುಕುವಾಗ ನನಗೆ ನೆರವಾದದ್ದು ಅಶುತೋಷ ವಾರ್ಷ್ಣೇಯ ಎಂಬ ವಿದ್ವಾಂಸರ ಕೆಲಸ. 2002ರಲ್ಲಿ ಬಂದ ಅವರ ಗ್ರಂಥ 1950ರಿಂದ 1995ರವರೆಗಿನ ಹಿಂದೂ-ಮುಸ್ಲಿಂ ಗಲಭೆಗಳ ಲೆಕ್ಕ ಹಾಕುತ್ತದೆ. ಸತ್ತವರಲ್ಲಿ ಹಳ್ಳಿಗಳ ಪಾಲು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಎಂಟೇ ಎಂಟು ನಗರಗಳ ಪಾಲು ಹೆಚ್ಚುಕಡಿಮೆ ಅರ್ಧ. ಹಳ್ಳಿಯಲ್ಲಿ ದಿನಾ ಎದುರಾಗುವುದು, ಹೊಲ ಪಾಲಿಗೆ ಹಾಕುವುದು, ಮದುವೆ ಮಣ್ಣಿಗೆ ಹೋಗಿಬರುವುದು, ಇವೇ ಬಹುಪಾಲು ಜಗಳವನ್ನು ತಡೆಯುತ್ತವೆ. ದೊಡ್ಡ ಊರಲ್ಲಿ ಮುಖಪರಿಚಯ ಸಾಲದು, ಅಲ್ಲಿ ಎರಡೂ ಕಡೆಯವರು ಕೂಡಿ ಇರುವ ಸಂಘಗಳು ಬೇಕು: ವರ್ತಕರ ಸಂಘ, ಕಾರ್ಮಿಕ ಸಂಘ, ವಕೀಲರ ಸಂಘ. ಅಂಥ ಸಂಘಗಳಿದ್ದ ಕಲ್ಲಿಕೋಟೆ ತಣ್ಣಗಿತ್ತು, ಇಲ್ಲದ ಅಲಿಗಢ ಮತ್ತೆ ಮತ್ತೆ ಹೊತ್ತಿಕೊಂಡಿತು ಎಂದು ಅವರು ತೋರಿಸುತ್ತಾರೆ. ಒಂದೇ ಜಾತಿಯ, ಒಂದೇ ಧರ್ಮದ ಸಂಘ ಎಷ್ಟಿದ್ದರೂ ಈ ಕೆಲಸಕ್ಕೆ ಬಾರದು. ಕೆಲವೊಮ್ಮೆ ಕೆಲಸ ಕೆಡಿಸುವುದೂ ಅವೇ.

ಇದನ್ನು ನಮ್ಮ ಮೂರು ತಾಲ್ಲೂಕು ಕೇಂದ್ರಗಳಿಗೆ ಹೊಂದಿಸಿ ನೋಡಿ. ಆಳಂದ, ಅಫಜಲಪುರ, ಜೇವರ್ಗಿ ಈಗ ಹಳ್ಳಿಗಳಲ್ಲ. ಬಸ್ ನಿಲ್ದಾಣದ ಸುತ್ತ ಹೊಸ ಬಡಾವಣೆಗಳಾಗಿವೆ. ಅಲ್ಲಿ ಬಾಡಿಗೆಗಿರುವವನಿಗೆ ಪಕ್ಕದ ಮನೆಯವನ ಹೆಸರು ಗೊತ್ತಿಲ್ಲ. ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಮುಂಬೈ ಸೇರಿ ಹಬ್ಬಕ್ಕಷ್ಟೇ ಬರುತ್ತಾರೆ. ಹಳ್ಳಿಯ ಮುಖಪರಿಚಯ ಹೋಯಿತು, ನಗರದ ಸಂಘಗಳು ಇನ್ನೂ ಬರಲಿಲ್ಲ. ನಡುವಿನ ಆ ಖಾಲಿ ಜಾಗದಲ್ಲಿ ಠಾಣೆಯ ಶಾಂತಿ ಸಭೆ ಕೂತಿದೆ, ವಾಟ್ಸ್ಆ್ಯಪ್ ಗುಂಪು ಕೂತಿದೆ. ನನ್ನ ವಾದ ಇಷ್ಟೇ. ಸೌಹಾರ್ದ ಇಲ್ಲ ಎಂಬುದಕ್ಕಿಂತ, ಇರುವ ಸೌಹಾರ್ದಕ್ಕೆ ಕೂರಲು ಜಾಗ ಇಲ್ಲ ಎಂಬುದು ನಮ್ಮ ದೊಡ್ಡ ಕೊರತೆ.

ಇರುವ ಸೌಹಾರ್ದ ಎಂದೆ. ಅದರ ಪಟ್ಟಿ ನಿಮಗೆ ಬಾಯಿಪಾಠ, ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳದ ತತ್ತ್ವಪದಕಾರ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಹೇಬರಿದ್ದರು, ಖೈನೂರಿನ ಕೃಷ್ಣಪ್ಪನವರಿದ್ದರು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ಕೂಡುವಲ್ಲಿ ನೆಲೆಸಿದ ನರಸಿಂಹ ಸರಸ್ವತಿಗಳ ಬಳಿಗೆ ಬೀದರಿನ ಸುಲ್ತಾನ ಹುಣ್ಣಿನ ಬಾಧೆ ಹೊತ್ತು ಬಂದ ಪ್ರಸಂಗ ‘ಗುರುಚರಿತ್ರೆ’ಯಲ್ಲಿದೆ. ಅದನ್ನು ಬರೆದ ಸರಸ್ವತಿ ಗಂಗಾಧರರು ಆಳಂದ ತಾಲ್ಲೂಕಿನ ಕಡಗಂಚಿಯವರೆಂಬ ನಂಬಿಕೆಯಿದೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ಮೊಹರಂ ಹೊತ್ತಿಗೆ ಅಲಾಯಿ ದೇವರು ಕೂಡುತ್ತವೆ, ರಿವಾಯತ ಪದ ಹಾಡುವವರು ಬಹುಪಾಲು ಹಿಂದೂಗಳೇ. ರಹಮತ್ ತರೀಕೆರೆಯವರು ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ಮೊಹರಂ’ ಗ್ರಂಥಗಳಲ್ಲಿ ಇಂಥದ್ದನ್ನೆಲ್ಲ ದಾಖಲಿಸಿದ್ದಾರೆ. ಎಲ್ಲ ಸರಿ. ಆದರೆ ವೇದಿಕೆಯ ಮೇಲೆ ಈ ಪಟ್ಟಿ ಓದಿದ ಮಾತ್ರಕ್ಕೆ ಬೀದಿಯಲ್ಲಿ ಕಲ್ಲು ನಿಲ್ಲುವುದಿಲ್ಲ. ತತ್ತ್ವಪದ ಬಾಳಿದ್ದು ಭಜನಾ ಮಂಡಳಿಯಿಂದ. ವಾರಕ್ಕೊಮ್ಮೆಯೋ ಅಮಾವಾಸ್ಯೆಗೋ ಏಕತಾರಿ ಹಿಡಿದು ಹಲವು ಜಾತಿಯವರು ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು, ಒಬ್ಬ ಬರದಿದ್ದರೆ ಮಾರನೆಯ ದಿನ ಯಾಕೆ ಬರಲಿಲ್ಲವೆಂದು ಕೇಳುವವರಿದ್ದರು. ಆ ಕೇಳುವಿಕೆ ಮುಖ್ಯ. ಈಗ ಪದಗಳನ್ನು ಸಂಪಾದಿಸಿ ದಪ್ಪ ದಪ್ಪ ಸಂಪುಟ ತಂದಿದ್ದೇವೆ, ಚಾಪೆ ಸುತ್ತಿಟ್ಟಿದ್ದೇವೆ.

ನಿಜವಾದ ಕಷ್ಟ ಬಂದಾಗ ಈ ಸೀಮೆ ಏನು ಮಾಡಿತು ಎಂಬುದಕ್ಕೆ 1948ಕ್ಕೆ ಹೋಗಬೇಕು. ಆಗ ಭೀಮೆಯೇ ಗಡಿ. ಅಫಜಲಪುರದ ದಡ ನಿಜಾಮನದು, ಆಚೆಯ ಇಂಡಿ ಮುಂಬಯಿ ಪ್ರಾಂತದ್ದು. ನಿಜಾಮನ ಪರವಾದ ರಜಾಕಾರ ಪಡೆಯ ಹಾವಳಿಯಲ್ಲಿ ಹೊಳೆ ದಾಟಿದವನ ಜೀವ ಉಳಿಯಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿತು, 17ಕ್ಕೆ ನಿಜಾಮ ಶರಣಾದ. ಸೆಪ್ಟೆಂಬರ್ 17ನ್ನು ನಾವು ಪ್ರತಿ ವರ್ಷ ಧ್ವಜ ಹಾರಿಸಿ ಆಚರಿಸುತ್ತೇವೆ, ಆಚರಿಸಬೇಕಾದದ್ದೇ. 18ರಿಂದ ಏನಾಯಿತು ಎಂಬುದನ್ನು ಮಾತ್ರ ಸಭೆಗಳಲ್ಲಿ ಹೇಳುವುದಿಲ್ಲ. ರಜಾಕಾರರ ಕೃತ್ಯಕ್ಕೆ ಪ್ರತಿಯಾಗಿ ಮುಸ್ಲಿಮರ ಮೇಲೆ, ರಜಾಕಾರರ ನೆರಳೂ ಸೋಕದ ಬಡವರ ಮೇಲೂ, ಸೇಡು ತೀರಿಸಿಕೊಳ್ಳಲಾಯಿತು. ನೆಹರೂ ಅವರ ಮಾತಿನ ಮೇಲೆ ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬ ಮೂವರು ಬಂದರು. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನ ತಿರುಗಿದರು. ತಾವು ವಿಚಾರಣಾ ಆಯೋಗವಲ್ಲ, ಜನರ ನಡುವೆ ಸಂಬಂಧ ಸರಿಪಡಿಸಲು ಬಂದ ಸದ್ಭಾವನಾ ತಂಡ ಎಂದು ಅವರೇ ಹೇಳಿಕೊಂಡರು. ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅವರು ಅಂದಾಜು ಮಾಡಿದರು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಬೀದರ್, ನಾಂದೇಡದ ಜೊತೆಗೆ ನಮ್ಮ ಗುಲ್ಬರ್ಗವನ್ನೂ ಹೆಸರಿಸಿದರು. ವರದಿ ದಶಕಗಳ ಕಾಲ ಕಪಾಟಿನಲ್ಲಿ ಉಳಿಯಿತು.

ಆ ವರದಿಯಲ್ಲಿ ನಾನು ಮತ್ತೆ ಮತ್ತೆ ಓದುವ ಭಾಗ ಸಾವಿನ ಲೆಕ್ಕವಲ್ಲ. ಎಷ್ಟೋ ಕಡೆ ಹಿಂದೂ ನೆರೆಯವರು ಮುಸ್ಲಿಮರನ್ನು ಕಾಪಾಡಿದರು, ಅಪಹರಣಕ್ಕೊಳಗಾದ ಹೆಣ್ಣುಮಕ್ಕಳನ್ನು ಮರಳಿ ಮನೆ ಮುಟ್ಟಿಸಲು ನೆರವಾದರು ಎಂದು ಬರೆದು, ಒಂದೇ ಕಸುಬಿನವರಲ್ಲಿ ಈ ಕಕ್ಕುಲಾತಿ ಎದ್ದು ಕಾಣುತ್ತಿತ್ತು ಎನ್ನುತ್ತಾರೆ. ನಿದರ್ಶನವಾಗಿ ಕೊಡುವುದು ನೇಕಾರರನ್ನು. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ಹಿಂದೂಗಳ ವಿರುದ್ಧವೇ ನಿಂತರು, ಹಾಗೆ ನಿಂತು ಪ್ರಾಣ ಕಳೆದುಕೊಂಡವರೂ ಇದ್ದರು. ಯೋಚನೆ ಮಾಡಿ. ಆ ನೇಕಾರನಿಗೆ ಸೌಹಾರ್ದದ ಭಾಷಣ ಮಾಡಿದವರು ಯಾರೂ ಇರಲಿಲ್ಲ. ಇಬ್ಬರಿಗೂ ಮಗ್ಗ ಒಂದೇ, ನೂಲಿನ ಸಾಹುಕಾರ ಒಬ್ಬನೇ, ಸಾಲ ಒಂದೇ, ಸಂತೆ ಒಂದೇ. ದಿನಾ ಕೂಡಿ ದುಡಿದವನ ಕುತ್ತಿಗೆಗೆ ಕತ್ತಿ ಬಂದಾಗ ಅಡ್ಡ ಹೋದ. ಲಖನೌದ ಕಸೂತಿ ಕೆಲಸದಲ್ಲಿ ಹಿಂದೂ ವ್ಯಾಪಾರಿ, ಮುಸ್ಲಿಂ ಕುಶಲಕರ್ಮಿ ಒಬ್ಬರಿಲ್ಲದೆ ಒಬ್ಬರು ಬದುಕಲಾರದ್ದರಿಂದ ಆ ಊರು ತಡೆದುಕೊಂಡಿತೆಂದು ವಾರ್ಷ್ಣೇಯರು ಅರ್ಧ ಶತಮಾನದ ಬಳಿಕ ಕಂಡದ್ದನ್ನು, ಸಂಸ್ಥಾನದ ನೇಕಾರ 1948ರಲ್ಲೇ ಪ್ರಾಣ ಕೊಟ್ಟು ತೋರಿಸಿದ್ದ.

ಇಂದು ಮಗ್ಗದ ಜಾಗದಲ್ಲಿ ತೊಗರಿ ಇದೆ. ರಾಶಿಯ ಕಾಲಕ್ಕೆ ಎಪಿಎಂಸಿ ಅಂಗಳಕ್ಕೆ ಹೋಗಿ ನಿಂತರೆ ಗೊತ್ತಾಗುತ್ತದೆ. ಬೆಳೆದವನು ಒಬ್ಬ, ಟ್ರ್ಯಾಕ್ಟರಿನವನು ಇನ್ನೊಬ್ಬ, ಅಡತಿ ಅಂಗಡಿ ಮತ್ತೊಬ್ಬನದು, ಚೀಲ ಹೊರುವ ಹಮಾಲರಲ್ಲಿ ಎಲ್ಲ ಓಣಿಯವರೂ ಇದ್ದಾರೆ. ದರ ಬಿದ್ದರೆ ಎಲ್ಲರ ಮನೆಯಲ್ಲೂ ಅದೇ ಮಾತು. ಶಾಂತಿ ಸಭೆಗೆ ಮಠದ ಸ್ವಾಮಿಗಳನ್ನು, ಮೌಲವಿಗಳನ್ನು ಕರೆಯುತ್ತೇವೆ, ಅವರು ಬೇಕು. ಹಮಾಲರ ಸಂಘದ ಅಧ್ಯಕ್ಷನನ್ನು ಯಾವತ್ತಾದರೂ ಕರೆದಿದ್ದೇವೆಯೇ? ಸ್ವಾಮಿಗಳಿಗೂ ಮೌಲವಿಗಳಿಗೂ ತಮ್ಮ ತಮ್ಮವರು ಗೊತ್ತು. ಹಮಾಲನಿಗೆ ಎರಡೂ ಕಡೆಯವರು ಗೊತ್ತು.

ಇನ್ನು, ನಾಗರಿಕರು ನಡುವೆ ನಿಂತು ಬಂದೂಕು ಕೆಳಗಿಡಿಸಿದ ಪ್ರಸಂಗ ನಮ್ಮ ರಾಜ್ಯದ್ದೇ ಇದೆ. ಮಲೆನಾಡಿನ ನಕ್ಸಲ್ ಚಳವಳಿಯ ಸಾಕೇತ್ ರಾಜನ್ 2005ರ ಫೆಬ್ರವರಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಸರ್ಕಾರ ಒಂದು ಕಡೆ, ಕಾಡಿನವರು ಇನ್ನೊಂದು ಕಡೆ, ನಡುವೆ ಸಾಯುವವರು ಮಲೆನಾಡಿನ ಬಡವರು ಎಂಬ ಸಂಕಟದಿಂದ ಶಾಂತಿಗಾಗಿ ನಾಗರಿಕ ವೇದಿಕೆ ಹುಟ್ಟಿತು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅದರ ಮುಂದಾಳುಗಳು. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಕಾಡಿನಿಂದ ಹೊರಗೆ ಬಂದರು. ಮುಂದೆ ಗೌರಿಯವರ ಕೊಲೆಯಾಯಿತು, ಸುಬ್ಬಯ್ಯನವರೂ ದೊರೆಸ್ವಾಮಿಯವರೂ ತೀರಿಹೋದರು. 2024ರ ನವೆಂಬರಿನಲ್ಲಿ ಹೆಬ್ರಿ ಬಳಿಯ ಕಾಡಿನಲ್ಲಿ ವಿಕ್ರಂ ಗೌಡನ ಹತ್ಯೆಯಾದಾಗ ಎಲ್ಲ ಮುಗಿಯಿತು ಎಂದೇ ಅನ್ನಿಸಿತ್ತು. ಆಗ ಹಳೆಯ ಎಳೆ ಹಿಡಿದು ನೂರ್ ಶ್ರೀಧರ್, ಬಂಜಗೆರೆ ಜಯಪ್ರಕಾಶ, ವಕೀಲ ಕೆ.ಪಿ. ಶ್ರೀಪಾಲ ಮುಂತಾದವರು ಮತ್ತೆ ಕೂತರು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಗೃಹ ಕಚೇರಿಗೆ ಬಂದು ಶರಣಾದರು. ಅವರಲ್ಲಿ ಒಬ್ಬ ನಮ್ಮ ಕಲ್ಯಾಣ ಕರ್ನಾಟಕದವನೇ, ರಾಯಚೂರು ಜಿಲ್ಲೆಯ ಮಾರೆಪ್ಪ ಆರೋಲಿ.

ಈ ಮಧ್ಯಸ್ಥರು ಮಾಡಿದ ಕೆಲಸದಲ್ಲಿ ಗುಟ್ಟೇನೂ ಇರಲಿಲ್ಲ. ಕಾಡಿನವರ ಬೇಡಿಕೆಯನ್ನು ಸರ್ಕಾರಕ್ಕೂ, ಸರ್ಕಾರದ ಭರವಸೆಯನ್ನು ಕಾಡಿನವರಿಗೂ ಕೂಡಿಸದೆ ಕಳೆಯದೆ ಮುಟ್ಟಿಸಿದರು. ಭರವಸೆ ಬಹಿರಂಗವಾಗುವಂತೆ ನೋಡಿಕೊಂಡರು. ಎರಡೂ ಕಡೆಯಿಂದ ಬೈಗುಳ ತಿಂದರು: ಒಬ್ಬರು ನಕ್ಸಲರ ಬಾಲಬಡುಕರು ಎಂದರು, ಇನ್ನೊಬ್ಬರು ಸರ್ಕಾರದ ಏಜೆಂಟರು ಎಂದರು. ನಡುವೆ ಕೂರುವವನಿಗೆ ಎರಡೂ ಕಡೆಯ ಬೈಗುಳ ತಪ್ಪಿದ್ದಲ್ಲ. ಒಂದೇ ಕಡೆಯಿಂದ ಬೀಳುತ್ತಿದ್ದರೆ ಅವನು ನಡುವೆ ಕೂತಿಲ್ಲ ಎಂದು ತಿಳಿಯಬೇಕು. ವೇದಿಕೆ ಕಟ್ಟಿದವರಲ್ಲಿ ಮೂವರು ಇಲ್ಲವಾದರೂ ವೇದಿಕೆ ಉಳಿಯಿತು, ಕಾಡಿನವರಿಗೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿತ್ತು. ಆ ಬಾಗಿಲು ಹತ್ತು ವರ್ಷ ತೆರೆದೇ ಇತ್ತು ಎಂಬುದು ಈ ಕತೆಯ ಸಾರ.

ರಾಜ್ಯದ ಹೊರಗೂ ಕ್ರಮ ಇದೇ. 1964ರಲ್ಲಿ ನಾಗಾಲ್ಯಾಂಡಿನ ಬ್ಯಾಪ್ಟಿಸ್ಟ್ ಚರ್ಚಿನವರು ಮುಂದೆ ಬಂದು ಜಯಪ್ರಕಾಶ ನಾರಾಯಣ, ಅಸ್ಸಾಮಿನ ಮುಖ್ಯಮಂತ್ರಿ ಚಲಿಹಾ, ಪಾದ್ರಿ ಮೈಕೆಲ್ ಸ್ಕಾಟ್ ಅವರ ಶಾಂತಿ ತಂಡ ಕಟ್ಟಿಸಿದರು. ನಾಗಾ ಬಂಡುಕೋರರಿಗೂ ಸೇನೆಗೂ ನಡುವೆ ಸೆಪ್ಟೆಂಬರ್ 6ರಿಂದ ಗುಂಡಿನ ಸದ್ದು ನಿಂತಿತು. ತಂಡ ಮುಂದೆ ಮುರಿದುಬಿತ್ತು, ಆದರೆ ಹಳ್ಳಿಗಳು ಉಸಿರಾಡಿದವು. ಟುನೀಶಿಯಾದಲ್ಲಿ ಕಾರ್ಮಿಕ ಸಂಘ, ಉದ್ಯಮಿಗಳ ಸಂಘ, ಮಾನವ ಹಕ್ಕು ಸಂಘ, ವಕೀಲರ ಸಂಘ ನಾಲ್ಕೂ ಸೇರಿ ದೇಶವನ್ನು ಅಂತರ್ಯುದ್ಧದ ಅಂಚಿನಿಂದ ಎಳೆದು ತಂದವು, 2015ರ ನೊಬೆಲ್ ಶಾಂತಿ ಪುರಸ್ಕಾರ ಅವಕ್ಕೇ ಸಂದಿತು. ನಮಗೆ ಹೆಚ್ಚು ಹತ್ತಿರದ್ದು ಭಿವಂಡಿ. 1970, 1984ರಲ್ಲಿ ಉರಿದ ಆ ಮಗ್ಗದ ಊರಿನಲ್ಲಿ ಸುರೇಶ ಖೋಪಡೆ ಎಂಬ ಪೊಲೀಸ್ ಅಧಿಕಾರಿ 1988ರಿಂದ ಓಣಿ ಓಣಿಗೆ ಮೊಹಲ್ಲಾ ಸಮಿತಿ ಮಾಡಿದರು. ಗಲಾಟೆ ಇಲ್ಲದಾಗಲೂ ಅವು ಸೇರಿ ನಲ್ಲಿ ನೀರು, ಗಂಡ ಹೆಂಡಿರ ಜಗಳ ಎಲ್ಲ ಮಾತಾಡುತ್ತಿದ್ದವು. 1992-93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ಶುರು ಮಾಡಿದವರು ಪೊಲೀಸರೇ ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ಠಾಣೆಯ ಸಭೆಗೂ ಅದಕ್ಕೂ ಇರುವ ಅಂತರ ನಿಮಗೇ ಕಾಣುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತೆ. ರಾಜಿ ಎಂಬುದು ನಮ್ಮ ಕಡೆ ಎಲ್ಲ ಕಾಲಕ್ಕೂ ಒಳ್ಳೆಯ ಮಾತಾಗಿರಲಿಲ್ಲ. ಊರಿನ ದೈವ ಸೇರಿ ಪಂಚಾಯ್ತಿ ಬಗೆಹರಿಸುವುದೆಂದರೆ ಎಷ್ಟೋ ಸಲ ಬಲವಿದ್ದವನ ಮಾತು ನಡೆದು, ಇಲ್ಲದವನು ಕೈಮುಗಿದು ಮನೆಗೆ ಹೋಗುವುದು. ದಲಿತ ಕೇರಿಯ ಮೇಲೆ ದೌರ್ಜನ್ಯವಾದಾಗ ‘ಊರ ಮಾನ ಹೋಗ್ತದ, ಕೇಸ್ ಹಿಂದಕ್ಕ ತಗೋರಿ’ ಎಂದು ಒತ್ತಾಯಿಸುವ ಹಿರಿಯರನ್ನು ನಾಗರಿಕ ಸಮಾಜ ಎಂದು ಕರೆಯಲು ನಾನು ತಯಾರಿಲ್ಲ. ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ಕೂಲಿಗೆ ಕರೆಯದಿರುವುದು, ಸಾಮಾಜಿಕ ಬಹಿಷ್ಕಾರ ಹಾಕುವುದು ಅಪರಾಧ ಎಂದು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಸಾಕ್ಷಿ ಹೇಳಲು ಆ ಜನ ಹತ್ತು ವರ್ಷ ಗಟ್ಟಿಯಾಗಿ ನಿಂತರು. ಅಂಥ ಕಡೆ ಜಯಪತ್ರವೇ ಬೇಕು, ರಾಜಿ ಬೇಡ. ಅಲ್ಲಿ ನಾಗರಿಕ ಸಂಘಗಳ ಕೆಲಸ ಸಾಕ್ಷಿ ಹೇಳುವವನ ಬೆನ್ನಿಗೆ ನಿಲ್ಲುವುದು. ಶಿಕ್ಷೆಯಾದ ಬಳಿಕ ಆ ಊರಿನ ಮಕ್ಕಳು ಒಂದೇ ಶಾಲೆಗೆ ಹೋಗುವ ದಾರಿ ನೋಡುವುದು ಎರಡನೆಯ ಕೆಲಸ.

ಇನ್ನೊಂದು. ಭೀಮಾ ತೀರ ಎಂದರೆ ಹೊರಗಿನವರಿಗೆ 2012ರ ಒಂದು ಸಿನಿಮಾ ನೆನಪಾಗುತ್ತದೆ, ಬಂದೂಕು ನೆನಪಾಗುತ್ತದೆ. ನಮಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಆದರೆ ಮನೆತನದ ದ್ವೇಷ ತಲೆಮಾರಿಗೆ ದಾಟುವುದು ಸುಳ್ಳಲ್ಲ, ಕೊನೆಗೆ ಉಳಿಯುವವರು ವಿಧವೆಯರು ಎಂಬುದೂ ಸುಳ್ಳಲ್ಲ. ಹೀಗಿದ್ದೂ ಯಾವ ಶಾಂತಿ ಸಭೆಯ ಫೋಟೊದಲ್ಲೂ ಹೆಂಗಸರಿಲ್ಲ. ಇದ್ದರೆ ಕರ್ತವ್ಯದ ಮೇಲಿರುವ ಮಹಿಳಾ ಪೇದೆ. 1984ರಲ್ಲಿ ಹುಟ್ಟಿದ ನಾಗಾ ತಾಯಂದಿರ ಸಂಘ ಎರಡೂ ಕಡೆಯ ಬಂದೂಕುಗಳೆದುರು ನಿಂತು ಮಾತಾಡುತ್ತಾ ಬಂದಿದೆ. ನಮ್ಮಲ್ಲಿ ಪ್ರತಿ ಊರಲ್ಲೂ ಸ್ವಸಹಾಯ ಸಂಘಗಳಿವೆ. ಪರಸ್ಪರ ಜಾಮೀನಿನ ಮೇಲೆ ಸಾಲ ಎತ್ತಿ, ವಾರಕ್ಕೊಮ್ಮೆ ಲೆಕ್ಕ ಒಪ್ಪಿಸುವ ಹೆಂಗಸರ ಗುಂಪುಗಳು ಅವು. ಸಾಲ ತೀರಿಸಲು ನಂಬುವ ನಾವು ಜಗಳ ತೀರಿಸಲು ಅವರನ್ನು ನಂಬುವುದಿಲ್ಲ.

ಆದ್ದರಿಂದ ಸಭೆಗೆ ನನ್ನ ಕೋರಿಕೆ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಠಾಣೆಯ ಹೊರಗೆ ಒಂದೊಂದು ನಾಗರಿಕ ಸಮಿತಿ ಆಗಲಿ. ಅದರಲ್ಲಿ ವಕೀಲರ ಸಂಘ, ಎಪಿಎಂಸಿ ವರ್ತಕರು, ಹಮಾಲರು, ದಲಿತ ಸಂಘಟನೆಗಳು, ಸ್ವಸಹಾಯ ಸಂಘದ ಹೆಂಗಸರು, ಮಠ, ದರ್ಗಾ, ಕಾಲೇಜು ಹುಡುಗ ಹುಡುಗಿಯರು ಇರಲಿ. ಚುನಾವಣೆಗೆ ನಿಲ್ಲುವ ಇರಾದೆ ಇದ್ದವರು ದಯವಿಟ್ಟು ಹೊರಗಿರಲಿ. ಪ್ರತಿ ಸಭೆಯ ನಡಾವಳಿ ಬರೆದಿಡಲಿ, ಯಾರು ಬೇಕಾದರೂ ಓದಲಿ. ಗಾಳಿಸುದ್ದಿ ಹಬ್ಬಿದಾಗ ನಿಜ ತಿಳಿದು ಹೇಳಲು ಪ್ರತಿ ಓಣಿಗೆ ಇಬ್ಬರಿರಲಿ, ಆ ಇಬ್ಬರೂ ಒಂದೇ ಸಮುದಾಯದವರಾಗದಿರಲಿ. ಹಣ ಹೆಚ್ಚೇನೂ ಬೇಡ. ಒಂದು ಮನೆತನ ದತ್ತಿಯಾಗಿ ಒಂದಿಷ್ಟು ಹಣ ಇಟ್ಟು ವರ್ಷಕ್ಕೊಮ್ಮೆ ಊರನ್ನು ಕೂಡಿಸಿ ಉಪನ್ಯಾಸ ಕೇಳಿಸಬಹುದಾದರೆ, ನಾಲ್ಕು ಸಂಘಗಳು ಸೇರಿ ತಿಂಗಳಿಗೊಮ್ಮೆ ಇಪ್ಪತ್ತು ಜನರನ್ನು ಕೂಡಿಸಬಹುದು. ಆಳಂದದವರಿಗೆ ಪ್ರತ್ಯೇಕವಾಗಿ ಹೇಳುತ್ತೇನೆ. ಶಿವರಾತ್ರಿ ಮತ್ತು ಉರುಸಿನ ವಿಷಯವನ್ನು ಫೆಬ್ರವರಿಯಲ್ಲಿ ಕಲಬುರಗಿ ಪೀಠದ ಮುಂದೆ ಒಯ್ಯುವ ಮೊದಲು ಆಗಸ್ಟಿನಲ್ಲಿ ಊರೊಳಗೆ ಕೂತು ಒಮ್ಮೆ ಮಾತಾಡಿ. ಒಪ್ಪಿಗೆಯಾದರೆ ಅದನ್ನೇ ನ್ಯಾಯಾಲಯಕ್ಕೆ ಒಪ್ಪಿಸಿ. ಆಗದಿದ್ದರೆ ಸೆಪ್ಟೆಂಬರಿನಲ್ಲಿ ಮತ್ತೆ ಕೂಡಿ. ಸಮಿತಿಗಳ ಮೊದಲ ಸಭೆಯ ದಿನಾಂಕವನ್ನು ಇವತ್ತು ಈ ಸಭಾಂಗಣ ಬಿಟ್ಟು ಹೋಗುವ ಮುಂಚೆಯೇ ಗೊತ್ತುಮಾಡಿ, ಆ ತಿಂಗಳಲ್ಲಿ ಯಾವ ಹಬ್ಬವೂ ಯಾವ ಚುನಾವಣೆಯೂ ಇಲ್ಲದಂತೆ ನೋಡಿಕೊಳ್ಳಿ.